ಹೊಲದ ಬೆಣಚುಕಲ್ಲು, ವಾಚಿನ ಕ್ವಾರ್ಟ್ಜ್, ಸ್ಫಟಿಕದ ಮಾಲೆ: ಎಲ್ಲಾ ಒಂದೇನಾ?

ಪ್ರಶ್ನೆ: ಸರ್, ನಮ್ಮೂರು ಪಾವಗಡದ ಹತ್ತಿರ. ಹೊಲದಲ್ಲಿ ಬಿಳಿ ಬೆಣಚುಕಲ್ಲು ರಾಶಿ ರಾಶಿ ಸಿಗುತ್ತದೆ. ಚಿಕ್ಕವರಿದ್ದಾಗ ಕತ್ತಲಲ್ಲಿ ಎರಡು ಕಲ್ಲು ಉಜ್ಜಿ ಬೆಳಕು ನೋಡುತ್ತಿದ್ದೆವು. ವಾಚಿನ ಮೇಲೆ ಕ್ವಾರ್ಟ್ಜ್ ಅಂತ ಬರೆದಿರುವುದೂ ಇದೇ ಕಲ್ಲು ಅಂತಾನೆ ಮಗ. ಹೊಸ ಮನೆಯ ಅಡುಗೆ ಕಟ್ಟೆಗೆ ಕ್ವಾರ್ಟ್ಜ್ ಸ್ಲ್ಯಾಬ್ ಹಾಕಿಸೋಣ ಅಂತ ಸೊಸೆ ಹೇಳುತ್ತಿದ್ದಾಳೆ. ನಾನು ಯಾತ್ರೆಗೆ ಹೋದಾಗ ಒಂದು ಸ್ಫಟಿಕದ ಮಾಲೆ ತಂದೆ, ಅದು ಗಾಜು ಅಂತ ಪಕ್ಕದ ಮನೆಯವರು ನಗುತ್ತಾರೆ. ಇವೆಲ್ಲಾ ಒಂದೇ ಕಲ್ಲಾ? ನಮ್ಮ ಹೊಲದ ಕಲ್ಲಲ್ಲಿ ಬಂಗಾರ ಇರಬಹುದಾ? ಮಾರಿದರೆ ದುಡ್ಡು ಬರುತ್ತಾ?

ಉತ್ತರ:

ಹೌದು, ನಿಮ್ಮ ಮಗ ಹೇಳಿದ್ದು ಸರಿ. ಬೆಣಚುಕಲ್ಲು, ಕ್ವಾರ್ಟ್ಜ್, ಸ್ಫಟಿಕ, ಮೂರೂ ಒಂದೇ ಖನಿಜ. ಸಿಲಿಕಾನ್ ಒಂದು ಪಾಲು, ಆಮ್ಲಜನಕ ಎರಡು ಪಾಲು, ಅಷ್ಟೇ. ಭೂಮಿಯ ಹೊರಪದರದಲ್ಲಿ ಅತಿ ಹೆಚ್ಚು ಇರುವ ಎರಡು ಧಾತುಗಳೇ ಇವು, ಹಾಗಾಗಿ ಈ ಕಲ್ಲು ಎಲ್ಲೆಂದರಲ್ಲಿ ಸಿಗುವುದರಲ್ಲಿ ಆಶ್ಚರ್ಯ ಏನಿಲ್ಲ. ಒಂದು ರೂಪಾಯಿಗೂ ಬೇಡವಾದ ಬೆಣಚುಕಲ್ಲಿಗೂ ಸಾವಿರಾರು ರೂಪಾಯಿಯ ನೇರಳೆ ಹರಳಿಗೂ ವ್ಯತ್ಯಾಸ ಇರುವುದು ಅದು ಬೆಳೆದ ರೀತಿಯಲ್ಲಿ. ಬೆಳೆಯುವಾಗ ಜಾಗ ಎಷ್ಟು ಸಿಕ್ಕಿತು, ಒಳಗೆ ಏನೇನು ಸೇರಿಕೊಂಡಿತು, ಎಷ್ಟು ನಿಧಾನವಾಗಿ ಬೆಳೆಯಿತು ಅನ್ನುವುದರಲ್ಲಿ.

ಮೊದಲು ನಿಮ್ಮ ಕೈಯಲ್ಲಿರುವುದು ನಿಜಕ್ಕೂ ಬೆಣಚುಕಲ್ಲೇ ಅಂತ ಖಾತ್ರಿ ಮಾಡಿಕೊಳ್ಳಿ. ಬಿಳಿ ಇದ್ದ ಮಾತ್ರಕ್ಕೆ ಬೆಣಚು ಅಲ್ಲ. ಬಣ್ಣ ನೋಡಿ ಕಲ್ಲು ಗುರುತಿಸುವವರನ್ನು ನಾನಂತೂ ನಂಬುವುದಿಲ್ಲ. ಒಂದು ಹಳೆಯ ಗಾಜಿನ ಬಾಟಲಿ ತಗೊಳ್ಳಿ, ಕಲ್ಲಿನ ಚೂಪು ಮೂಲೆಯಿಂದ ಒತ್ತಿ ಗೀರಿ. ಬೆಣಚು ಆದರೆ ಗಾಜಿನ ಮೇಲೆ ಗೀರು ಬೀಳುತ್ತದೆ, ಬೆರಳಲ್ಲಿ ಒರೆಸಿದರೂ ಹೋಗುವುದಿಲ್ಲ. ಆಮೇಲೆ ಸ್ಟೀಲ್ ಚಾಕುವಿನಿಂದ ಕಲ್ಲನ್ನೇ ಗೀರಿ ನೋಡಿ. ಕಲ್ಲಿಗೆ ಏನೂ ಆಗುವುದಿಲ್ಲ, ಉಲ್ಟಾ ಚಾಕುವಿನ ಲೋಹವೇ ಸವೆದು ಕಲ್ಲಿನ ಮೇಲೆ ಬೂದು ಗೆರೆ ಬಿಡುತ್ತದೆ. ಗಡಸುತನದ ಮೋಸ್ ಅಳತೆಯಲ್ಲಿ ಬೆಣಚು 7, ಗಾಜು ಮತ್ತು ಸಾಮಾನ್ಯ ಚಾಕು ಐದೂವರೆಯ ಆಸುಪಾಸು, ವಜ್ರ 10.

ಅದೇ ಬಿಳಿ ಬಣ್ಣದ ಕ್ಯಾಲ್ಸೈಟ್ ಅಂತ ಇನ್ನೊಂದು ಕಲ್ಲಿದೆ, ಸುಣ್ಣದ ಜಾತಿ. ಅದರ ಗಡಸುತನ 3, ಚಾಕು ಸಲೀಸಾಗಿ ಗೀರುತ್ತದೆ. ಬಾತ್‌ರೂಮ್ ತೊಳೆಯುವ ಆ್ಯಸಿಡ್ ಒಂದು ಹನಿ ಬಿಟ್ಟರೆ ಬುಸ್ ಅಂತ ನೊರೆ ಬರುತ್ತದೆ. ಬೆಣಚಿಗೆ ಆ ಆ್ಯಸಿಡ್ ಲೆಕ್ಕಕ್ಕೇ ಇಲ್ಲ. ಜಾಸ್ತಿ ಗೊಂದಲ ಆಗುವುದು ಫೆಲ್ಡ್‌ಸ್ಪಾರ್ ಜೊತೆ. ಅದೂ ಬಿಳಿ ಅಥವಾ ತಿಳಿ ಗುಲಾಬಿ, ಅದೂ ಗಟ್ಟಿ, ಗಡಸುತನ 6. ಇಲ್ಲಿ ಒಡೆದ ಜಾಗವನ್ನು ನೋಡಬೇಕು. ಫೆಲ್ಡ್‌ಸ್ಪಾರ್ ಒಡೆದರೆ ಚಪ್ಪಟೆ ಮುಖಗಳು ಬರುತ್ತವೆ, ಬಿಸಿಲಿಗೆ ಹಿಡಿದು ತಿರುಗಿಸಿದರೆ ಇಡೀ ಮುಖ ಒಂದೇ ಸಲ ಫಳಕ್ ಅನ್ನುತ್ತದೆ. ಬೆಣಚು ಹಾಗೆ ಒಡೆಯುವುದೇ ಇಲ್ಲ. ದಪ್ಪ ಗಾಜು ಒಡೆದ ಹಾಗೆ ಬಳುಕು ಬಳುಕಾಗಿ ಒಡೆಯುತ್ತದೆ, ಒಳಗೆ ಚಿಪ್ಪಿನಂತಹ ಗೆರೆಗಳಿರುತ್ತವೆ, ಅಂಚು ಕೈ ಕೊಯ್ಯುವಷ್ಟು ಚೂಪು. ಇದಕ್ಕೆ ಕಾರಣ ಅದರ ಒಳಗಿನ ಕಟ್ಟು. ಒಂದೊಂದು ಸಿಲಿಕಾನ್ ಅಣುವಿನ ಸುತ್ತ ನಾಲ್ಕು ಆಮ್ಲಜನಕ, ಒಂದೊಂದು ಆಮ್ಲಜನಕವೂ ಎರಡು ಸಿಲಿಕಾನ್‌ಗಳ ನಡುವೆ ಹಂಚಿಕೆ, ಹೀಗೆ ಎಲ್ಲಾ ದಿಕ್ಕಿನಲ್ಲೂ ಹಿಡಿತ ಹೆಚ್ಚುಕಡಿಮೆ ಒಂದೇ ಬಲದ್ದು. ಸುಲಭವಾಗಿ ಸೀಳುವ ದುರ್ಬಲ ಪದರ ಅಂತ ಒಂದೂ ಇಲ್ಲ.

ಈ ಚೂಪು ಅಂಚಿಗೆ ಆದಿಮಾನವರೂ ಬೆಲೆ ಕೊಟ್ಟಿದ್ದರು. ಬೆಂಗಳೂರಿನ ಜಾಲಹಳ್ಳಿಯಲ್ಲಿ ಬೆಣಚಿನಿಂದ ಮಾಡಿದ ಉಗುರಿನಷ್ಟು ಸಣ್ಣ ಶಿಲಾಯುಗದ ಹತಾರಗಳು ಸಿಕ್ಕಿವೆ. ಮುಂದೆ ಅದೇ ಜಾಲಹಳ್ಳಿಯಲ್ಲಿ ಎಚ್‌ಎಂಟಿ ವಾಚ್ ಫ್ಯಾಕ್ಟರಿ ಬಂತು, ಎಚ್‌ಎಂಟಿ ಕ್ವಾರ್ಟ್ಜ್ ವಾಚನ್ನೂ ಮಾಡಿತು. ಒಂದೇ ಏರಿಯಾ, ಒಂದೇ ಖನಿಜ, ನಡುವೆ ಸಾವಿರಾರು ವರ್ಷ!

ಈಗ ನಿಮ್ಮ ಹೊಲಕ್ಕೆ ಬರೋಣ. ಇಷ್ಟೊಂದು ಬೆಣಚು ಅಲ್ಲಿಗೆ ಹೇಗೆ ಬಂತು? ನಿಮ್ಮ ಸೀಮೆಯಲ್ಲಿ ಹಾದುಹೋಗುವ ಬಂಡೆಗೆ ಭೂವಿಜ್ಞಾನಿಗಳು ಕ್ಲೋಸ್‌ಪೇಟ್ ಗ್ರಾನೈಟ್ ಅನ್ನುತ್ತಾರೆ. ಕ್ಲೋಸ್‌ಪೇಟೆ ಅಂದರೆ ರಾಮನಗರದ ಹಳೆಯ ಹೆಸರು. ರಾಮನಗರದ ಬೆಟ್ಟಗಳು, ಸಾವನದುರ್ಗ, ಮಧುಗಿರಿ, ಆಮೇಲೆ ನಿಮ್ಮ ಪಾವಗಡ, ಹೀಗೆ ತೆಂಕಣದಿಂದ ಬಡಗಣಕ್ಕೆ ನೂರಾರು ಕಿಲೋಮೀಟರ್ ಉದ್ದಕ್ಕೆ ಚಾಚಿರುವ ಪಟ್ಟಿ ಅದು. ವಯಸ್ಸು ಸುಮಾರು 250 ಕೋಟಿ ವರ್ಷ. ನೆಲದಾಳದಲ್ಲಿ ಕರಗಿದ ಶಿಲಾರಸ ನಿಧಾನವಾಗಿ ಆರುವಾಗ ಒಂದೊಂದೇ ಖನಿಜ ಗಟ್ಟಿಯಾಗುತ್ತಾ ಬರುತ್ತದೆ, ಬೆಣಚಿನ ಸರದಿ ಹೆಚ್ಚುಕಡಿಮೆ ಕೊನೆಗೆ. ಅಷ್ಟರಲ್ಲಿ ಬೇರೆಯವು ಜಾಗ ಹಿಡಿದು ಕೂತಿರುತ್ತವೆ. ತೇರಿನ ದಿನ ಕೊನೇ ಬಸ್ ಹತ್ತಿದವರು ಸಿಕ್ಕ ಸಂದಿಯಲ್ಲಿ ಹೇಗೋ ಸೇರಿಕೊಳ್ಳುತ್ತಾರಲ್ಲ, ಹಾಗೆ ಬೆಣಚು ಉಳಿದ ಸಂದಿ ತುಂಬುತ್ತದೆ. ಗ್ರಾನೈಟ್ ತುಂಡನ್ನು ಹತ್ತಿರದಿಂದ ನೋಡಿ, ಬೂದು ಬಣ್ಣದ ಗಾಜಿನಂತಹ ಆಕಾರವಿಲ್ಲದ ಚುಕ್ಕೆಗಳೇ ಬೆಣಚು.

ಆದರೆ ಹೊಲದಲ್ಲಿ ಸಿಗುವ ಹಾಲುಬಿಳಿ ಗಡ್ಡೆಗಳು ಬರುವುದು ಹೆಚ್ಚಾಗಿ ಇನ್ನೊಂದು ದಾರಿಯಲ್ಲಿ. ನೆಲದಾಳದ ಬಿಸಿ ನೀರು, ಭಾರೀ ಒತ್ತಡದಲ್ಲಿ, ಸಿಲಿಕಾವನ್ನು, ಅಂದರೆ ಸಿಲಿಕಾನ್ ಮತ್ತು ಆಮ್ಲಜನಕ ಸೇರಿದ ಈ ಬೆಣಚಿನ ಪದಾರ್ಥವನ್ನು, ಕರಗಿಸಿಕೊಳ್ಳುತ್ತದೆ. ಆ ನೀರು ಬಂಡೆಯ ಬಿರುಕು ಹಿಡಿದು ಮೇಲೇರುವಾಗ ಬಿಸಿ ಇಳಿಯುತ್ತದೆ, ಒತ್ತಡ ಕಡಿಮೆಯಾಗುತ್ತದೆ, ಕರಗಿದ್ದು ಬಿರುಕಿನ ಗೋಡೆಗೆ ಕೂರುತ್ತಾ ಹೋಗುತ್ತದೆ. ಬಿರುಕು ಪೂರ್ತಿ ತುಂಬಿದರೆ ಅದೇ ಬೆಣಚಿನ ಎಳೆ, ಬಂಡೆಯ ಮೇಲೆ ಬಿಳಿ ಪಟ್ಟಿ ಎಳೆದ ಹಾಗೆ ಕಾಣುತ್ತದೆ. ಹಾಲಿನ ಬಣ್ಣ ಯಾಕೆ ಗೊತ್ತಾ? ಬೆಳೆಯುವಾಗ ಆ ನೀರಿನ, ಗಾಳಿಯ ಕಣ್ಣಿಗೆ ಕಾಣದಷ್ಟು ಸಣ್ಣ ಗುಳ್ಳೆಗಳು ಲೆಕ್ಕವಿಲ್ಲದಷ್ಟು ಒಳಗೇ ಸಿಕ್ಕಿಕೊಂಡಿರುತ್ತವೆ. ಬೆಳಕು ಅದಕ್ಕೆ ಬಡಿದು ಚೆದುರುತ್ತದೆ. ಕಲ್ಲಿನ ಪದಾರ್ಥ ಬಿಳಿಯಲ್ಲ, ಗುಳ್ಳೆ ಇಲ್ಲದಿದ್ದರೆ ಅದೇ ಪಾರದರ್ಶಕ ಸ್ಫಟಿಕ.

ಬಿರುಕಿನಲ್ಲಿ ಎಲ್ಲೋ ಒಂದು ಪೊಳ್ಳು ಜಾಗ ಉಳಿದರೆ ಮಾತ್ರ ಅದರ ನಿಜ ರೂಪ ಕಾಣುತ್ತದೆ. ಆರು ಮೂಲೆಯ ಕಂಬ, ತುದಿಯಲ್ಲಿ ಚೂಪು ಗೋಪುರ. ಕಂಬದ ಮುಖಗಳ ಮೇಲೆ ಅಡ್ಡಡ್ಡ ಸಣ್ಣ ಗೆರೆಗಳಿರುತ್ತವೆ, ಉಗುರು ಆಡಿಸಿದರೆ ತಿಳಿಯುತ್ತದೆ. ಹರಳು ದಪ್ಪ ಇರಲಿ, ಸಣ್ಣದಿರಲಿ, ಸೊಟ್ಟ ಇರಲಿ, ಪಕ್ಕಪಕ್ಕದ ಎರಡು ಮುಖಗಳ ನಡುವಿನ ಕೋನ 120 ಡಿಗ್ರಿಯೇ. ನಿಕೋಲಸ್ ಸ್ಟೆನೊ ಎಂಬ ಡೆನ್ಮಾರ್ಕಿನ ವಿದ್ವಾಂಸ 1669ರಲ್ಲೇ ಇದನ್ನು ಗಮನಿಸಿ ಬರೆದ. ಅಣು ಅನ್ನುವುದು ಇನ್ನೂ ಊಹೆಯಾಗಿದ್ದ ಕಾಲ ಅದು. ಕಲ್ಲು ಹರಳು ಅಧ್ಯಯನ ಮಾಡುವ ಶಾಸ್ತ್ರ ಶುರುವಾಗಿದ್ದು ಅಲ್ಲಿಂದ.

ಬಂಗಾರದ ಆಸೆ ಇದೆಯಲ್ಲ, ಅದಕ್ಕೂ ಕಾರಣ ಇದೆ. ಕೋಲಾರದ ಚಿನ್ನದ ಗಣಿಯಲ್ಲಿ ಬಂಗಾರ ಸಿಕ್ಕಿದ್ದು ಬೆಣಚಿನ ಎಳೆಗಳಲ್ಲೇ. ಸಿಲಿಕಾ ಹೊತ್ತು ತಂದ ಬಿಸಿನೀರೇ ಬಂಗಾರವನ್ನೂ ತಂದಿತ್ತು. ಆ ಎಳೆಯ ಬೆನ್ನು ಹತ್ತಿ 3 ಕಿಲೋಮೀಟರಿಗೂ ಆಳಕ್ಕೆ ಇಳಿದರು, 2001ರಲ್ಲಿ ಗಣಿ ಮುಚ್ಚಿತು. ರಾಯಚೂರಿನ ಹಟ್ಟಿಯಲ್ಲಿ ಈಗಲೂ ತೆಗೆಯುತ್ತಿದ್ದಾರೆ, ಒಂದು ಟನ್ ಅದಿರಿಗೆ ಕೆಲವೇ ಗ್ರಾಂ ಲೆಕ್ಕದಲ್ಲಿ. ಆದರೆ ಈ ಎರಡೂ ಜಾಗದ ಬಂಡೆ ಬೇರೆ. ಗ್ರಾನೈಟ್ ಅಲ್ಲ, ಅದಕ್ಕಿಂತ ಹಳೆಯ ಲಾವಾ ಶಿಲೆಯ ಪಟ್ಟಿಗಳು. ಬಂಗಾರ ಇರುವಲ್ಲಿ ಹೆಚ್ಚಾಗಿ ಬೆಣಚು ಇರುತ್ತದೆ ನಿಜ, ಬೆಣಚು ಇರುವಲ್ಲೆಲ್ಲಾ ಬಂಗಾರ ಇರುವುದಿಲ್ಲ. ಸಾವಿರದಲ್ಲಿ ಒಂದು ಎಳೆಯಲ್ಲೂ ಇರುವುದಿಲ್ಲ ಅಂತಲೇ ಇಟ್ಟುಕೊಳ್ಳಿ. ಕಲ್ಲಲ್ಲಿ ಏನೋ ಮಿನುಗಿದರೆ ಸೂಜಿಯಿಂದ ಕೆದಕಿ. ಪದರ ಪದರವಾಗಿ ಎದ್ದರೆ ಕಾಗೆಬಂಗಾರ. ಹಿತ್ತಾಳೆ ಬಣ್ಣದ ಚೌಕ ಚೌಕ ಹರಳು, ಗುದ್ದಿದರೆ ಕಪ್ಪು ಪುಡಿ ಆಗುತ್ತದೆ ಅಂದರೆ ಪೈರೈಟ್, ಕಬ್ಬಿಣ ಮತ್ತು ಗಂಧಕದ ಸಂಯುಕ್ತ. ನಿಜವಾದ ಬಂಗಾರ ಪುಡಿಯಾಗುವುದಿಲ್ಲ, ಚಪ್ಪಟೆಯಾಗುತ್ತದೆ.

ಕತ್ತಲಲ್ಲಿ ಉಜ್ಜಿದಾಗ ಬರುವ ಬೆಳಕಿನ ಬಗ್ಗೆ ಬಹಳ ಜನ ಕೇಳುತ್ತಾರೆ. ಅದು ಬೆಂಕಿಯ ಕಿಡಿ ಅಂತಲೇ ಎಲ್ಲರೂ ತಿಳಿದಿದ್ದಾರೆ, ಅಲ್ವಾ? ಅಲ್ಲ. ಹಿಂದೆ ಚಕಮಕಿ ಕಲ್ಲಿಗೆ ಉಕ್ಕು ಹೊಡೆದು ಬೆಂಕಿ ಮಾಡುತ್ತಿದ್ದರಲ್ಲ, ಅಲ್ಲಿ ಹಾರುವ ಕಿಡಿ ಉಕ್ಕಿನದ್ದು. ಗಟ್ಟಿ ಕಲ್ಲು ಉಕ್ಕಿನ ಸಣ್ಣ ಚೂರು ಕೆತ್ತುತ್ತದೆ, ಆ ಚೂರು ಕಾದು ಗಾಳಿಯಲ್ಲಿ ಉರಿಯುತ್ತದೆ. ಬರೀ ಎರಡು ಬೆಣಚುಕಲ್ಲು ಉಜ್ಜಿದಾಗ ಉರಿಯುವಂಥದ್ದು ಏನೂ ಇಲ್ಲ. ಉಜ್ಜಿದ ಜಾಗದಲ್ಲಿ ಹರಳು ಸೂಕ್ಷ್ಮವಾಗಿ ಒಡೆಯುತ್ತದೆ, ಒಡೆದ ಮುಖಗಳಲ್ಲಿ ವಿದ್ಯುತ್ ಬೇರೆ ಬೇರೆಯಾಗುತ್ತದೆ, ಅದು ಮತ್ತೆ ಸೇರುವಾಗ ಬೆಳಕು ಹೊಮ್ಮುತ್ತದೆ. ಅದಕ್ಕೇ ಆ ಬೆಳಕು ಹಾರುವುದಿಲ್ಲ, ಕಲ್ಲಿನ ಒಳಗೇ ಮಬ್ಬಾಗಿ ಹಳದಿ ಕೆಂಪಾಗಿ ಹೊಳೆದು ಆರುತ್ತದೆ. ಒಂದು ಬಕೆಟ್ ನೀರಲ್ಲಿ ಮುಳುಗಿಸಿಟ್ಟು ಉಜ್ಜಿ ನೋಡಿ, ಆಗಲೂ ಕಾಣುತ್ತದೆ. ಕಿಡಿ ಆಗಿದ್ದರೆ ನೀರಲ್ಲಿ ಬರುತ್ತಿತ್ತಾ? ಮೊಮ್ಮಕ್ಕಳಿಗೆ ತೋರಿಸುವುದಾದರೆ ಕಣ್ಣಿಗೆ ಚೂರು ಸಿಡಿಯದ ಹಾಗೆ ಜೋಪಾನ.

ವಾಚಿಗೂ ಇದರ ವಿದ್ಯುತ್ ಗುಣವೇ ಆಧಾರ, ಆದರೆ ಅಲ್ಲಿ ಹರಳು ಒಡೆಯಬೇಕಿಲ್ಲ. ಬೆಣಚಿನ ಹರಳನ್ನು ಸರಿಯಾದ ದಿಕ್ಕಿನಲ್ಲಿ ಒತ್ತಿದರೆ ಅದರ ಎರಡು ಮುಖಗಳಲ್ಲಿ ಧನ, ಋಣ ವಿದ್ಯುತ್ ಕಾಣಿಸಿಕೊಳ್ಳುತ್ತದೆ. 1880ರಲ್ಲಿ ಜಾಕ್ ಕ್ಯೂರಿ, ಪಿಯೆರ್ ಕ್ಯೂರಿ ಎಂಬ ಅಣ್ಣತಮ್ಮಂದಿರು ಇದನ್ನು ಕಂಡುಹಿಡಿದರು. ಹೌದು, ಮೇರಿ ಕ್ಯೂರಿಯ ಗಂಡನೇ ಈ ಪಿಯೆರ್. ಇದರ ಉಲ್ಟಾ ಕೂಡ ನಿಜ. ವಿದ್ಯುತ್ ಕೊಟ್ಟರೆ ಹರಳು ಒಂಚೂರು ಬಾಗುತ್ತದೆ. ವಾಚ್ ರಿಪೇರಿ ಅಂಗಡಿಯಲ್ಲಿ ಹಿಂಬದಿ ಮುಚ್ಚಳ ತೆಗೆದಾಗ ಅಕ್ಕಿಕಾಳಿಗಿಂತ ಸ್ವಲ್ಪ ದಪ್ಪ ಇರುವ ಲೋಹದ ಕೊಳವೆ ಕಾಣುತ್ತದೆ, ನೋಡಿದ್ದೀರಾ? ಅದರೊಳಗೆ ಎರಡು ಕವಲಿನ ಬೆಣಚಿನ ತುಂಡು ಇರುತ್ತದೆ. ಬ್ಯಾಟರಿಯ ವಿದ್ಯುತ್ ತಾಗಿ ಅದು ಸೆಕೆಂಡಿಗೆ 32,768 ಸಲ ಅದುರುತ್ತದೆ. ಈ ವಿಚಿತ್ರ ಸಂಖ್ಯೆ ಯಾಕೆ ಅಂದರೆ, ಅದನ್ನು ಅರ್ಧ, ಅರ್ಧದ ಅರ್ಧ ಅಂತ 15 ಸಲ ಮಾಡಿದರೆ ಸರಿಯಾಗಿ 1 ಬರುತ್ತದೆ. ವಾಚಿನ ಚಿಪ್ ಆ ಲೆಕ್ಕ ಮಾಡಿ ಸೆಕೆಂಡಿಗೊಂದು ತಳ್ಳು ಕೊಡುತ್ತದೆ, ಮುಳ್ಳು ಒಂದು ಹೆಜ್ಜೆ ಮುಂದಕ್ಕೆ ಹೋಗುತ್ತದೆ. ಮೊದಲ ಕ್ವಾರ್ಟ್ಜ್ ಗಡಿಯಾರ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ 1927ರಲ್ಲಿ ತಯಾರಾಯಿತು, ಆಗ ಅದು ದೊಡ್ಡ ಯಂತ್ರ. ಕೈಗೆ ಕಟ್ಟುವ ಮೊದಲ ಕ್ವಾರ್ಟ್ಜ್ ವಾಚನ್ನು ಜಪಾನಿನ ಸೀಕೊ 1969ರ ಡಿಸೆಂಬರ್ 25ರಂದು ಮಾರುಕಟ್ಟೆಗೆ ತಂತು.

ವಾಚಿನ ಈ ತುಂಡು 25 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಸರಿಯಾಗಿ ನಡೆಯುವಂತೆ ಕತ್ತರಿಸಿರುತ್ತಾರೆ. ಅದಕ್ಕಿಂತ ಬಿಸಿಯಾದರೂ ನಿಧಾನ, ತಣ್ಣಗಾದರೂ ನಿಧಾನ. ಕೈಗೆ ಕಟ್ಟಿಕೊಂಡರೆ ಮೈ ಬಿಸಿ, ಹೊರಗಿನ ಗಾಳಿ ಎರಡೂ ಸೇರಿ ಹೆಚ್ಚುಕಡಿಮೆ ಸಮ ಆಗುತ್ತದೆ. ಬೇಸಿಗೆಯಲ್ಲಿ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಟ್ಟರೆ ಹಿಂದೆ ಬೀಳುತ್ತದೆ.

ಹಾಗಾದರೆ ನಮ್ಮ ಹೊಲದ ಕಲ್ಲಿನಿಂದ ವಾಚ್ ಮಾಡಬಹುದಾ ಅಂತ ಕೇಳಬೇಡಿ. ಆಗುವುದಿಲ್ಲ. ಅದಕ್ಕೆ ಬಿರುಕಿಲ್ಲದ, ಗುಳ್ಳೆಯಿಲ್ಲದ, ಒಂದೇ ಹರಳು ಬೇಕು. ಎರಡನೇ ಮಹಾಯುದ್ಧದ ಕಾಲದಲ್ಲಿ ರೇಡಿಯೋಗಳಿಗೆ ಅಂಥ ಹರಳನ್ನು ಬ್ರೆಜಿಲ್‌ನಿಂದ ತರಿಸುತ್ತಿದ್ದರು. ಈಗ ಫ್ಯಾಕ್ಟರಿಯಲ್ಲೇ ಬೆಳೆಸುತ್ತಾರೆ. ದಪ್ಪ ಉಕ್ಕಿನ ಕೊಳಗದಲ್ಲಿ ಕೆಳಗೆ ಸಾಧಾರಣ ಬೆಣಚಿನ ಚೂರು, ಮೇಲೆ ಹರಳಿನ ತೆಳು ಬಿಲ್ಲೆಗಳು, ಮಧ್ಯೆ ಕ್ಷಾರ ಬೆರೆಸಿದ ನೀರು, 350 ಡಿಗ್ರಿ ಆಸುಪಾಸಿನ ಬಿಸಿ, ಸಾವಿರ ಪಟ್ಟು ವಾತಾವರಣದ ಒತ್ತಡ. ಕೆಳಗಿನದು ಕರಗಿ ಮೇಲಿನ ಬಿಲ್ಲೆಗೆ ಕೂರುತ್ತದೆ. ನಿಮ್ಮ ಹೊಲದ ಅಡಿಯಲ್ಲಿ ಒಂದು ಕಾಲಕ್ಕೆ ನಡೆದದ್ದೂ ಹೆಚ್ಚುಕಡಿಮೆ ಇದೇ, ಇಲ್ಲಿ ವಾರಗಳ ಲೆಕ್ಕದಲ್ಲಿ ಮುಗಿಯುತ್ತದೆ. ಅಂದಹಾಗೆ ಗ್ಯಾಸ್ ಒಲೆಯ ಟಿಕ್ ಟಿಕ್ ಲೈಟರ್ ಕೂಡ ಒತ್ತಿದರೆ ವಿದ್ಯುತ್ ಅನ್ನುವ ಇದೇ ತತ್ವದ್ದು, ಆದರೆ ಅದರೊಳಗೆ ಇರುವುದು ಬೆಣಚಲ್ಲ, ಒಂದು ಜಾತಿಯ ಸೆರಾಮಿಕ್.

ಬಣ್ಣದ ಹರಳುಗಳ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. ಬೆಣಚಿನೊಳಗೆ ಒಂಚೂರು ಕಬ್ಬಿಣ ಸೇರಿ, ಸುತ್ತಲಿನ ಬಂಡೆಯ ಸಹಜ ವಿಕಿರಣ ಲಕ್ಷಾಂತರ ವರ್ಷ ತಾಗಿದರೆ ನೇರಳೆ ಬಣ್ಣದ ಅಮೆಥಿಸ್ಟ್. ಕಬ್ಬಿಣದ ಬದಲು ಅಲ್ಯೂಮಿನಿಯಂ ಇದ್ದರೆ ಹೊಗೆ ಬಣ್ಣ. ಅಮೆಥಿಸ್ಟನ್ನು ಕುಲುಮೆಯಲ್ಲಿ ಕಾಯಿಸಿದರೆ ಹಳದಿಯಾಗುತ್ತದೆ, ಮಾರುಕಟ್ಟೆಯಲ್ಲಿ ಸಿಟ್ರಿನ್ ಅಂತ ಸಿಗುವುದರಲ್ಲಿ ಬಹುಪಾಲು ಹೀಗೆ ಕಾಯಿಸಿದ್ದೇ. ಅಗೇಟ್, ಕಾರ್ನೀಲಿಯನ್ ಕೂಡ ಇದೇ ವಂಶ, ಕಣ್ಣಿಗೆ ಕಾಣದಷ್ಟು ಸಣ್ಣ ಹರಳುಗಳು ಒತ್ತೊತ್ತಾಗಿ ಸೇರಿದ್ದು. ಬೀದರ್, ಕಲಬುರಗಿ, ವಿಜಯಪುರ ಕಡೆಯ ಕಪ್ಪು ಬಸಾಲ್ಟ್ ಬಂಡೆಯಲ್ಲಿ ಲಾವಾದ ಗಾಳಿಗುಳ್ಳೆ ತುಂಬಿಕೊಂಡು ಬೆಳೆದ ಇಂಥ ಕಲ್ಲು ನೋಡಬಹುದು. ಇವನ್ನು ಧರಿಸಿದರೆ ಶನಿ ದೂರ ಹೋಗುತ್ತಾನಾ, ಬಿ.ಪಿ. ಇಳಿಯುತ್ತಾ ಅಂದರೆ, ಇಲ್ಲ. ಚೆಂದಕ್ಕೆ ಹಾಕಿಕೊಳ್ಳಿ.

ಸ್ಫಟಿಕದ ಮಾಲೆಗೆ ಬರುತ್ತೇನೆ. ಶೃಂಗೇರಿಯ ಚಂದ್ರಮೌಳೀಶ್ವರ ಲಿಂಗ ಸ್ಫಟಿಕದ್ದು ಅಂತ ಎಲ್ಲರಿಗೂ ಗೊತ್ತು, ಹಾಗಾಗಿ ಆ ಹೆಸರಲ್ಲಿ ಗಾಜು ಮಾರುವವರೂ ಜಾಸ್ತಿ. ಮಣಿಯನ್ನು ಗೀರಿ ನೋಡಲು ಹೋಗಬೇಡಿ, ಇರುವುದೂ ಹಾಳಾಗುತ್ತದೆ. ತೂಕದಿಂದಲೂ ತಿಳಿಯುವುದಿಲ್ಲ, ಸ್ಫಟಿಕದ ಸಾಂದ್ರತೆ 2.65, ಸಾಧಾರಣ ಗಾಜಿನದು ಸುಮಾರು 2.5, ಕೈಗೆ ಗೊತ್ತಾಗದಷ್ಟು ಹತ್ತಿರ. ಮೊದಲು ಕೆನ್ನೆಗೆ ಒತ್ತಿ ನೋಡಿ. ಸ್ಫಟಿಕ ಗಾಜಿಗಿಂತ ಹಲವು ಪಟ್ಟು ಬೇಗ ಶಾಖ ಎಳೆದುಕೊಳ್ಳುತ್ತದೆ, ಹಾಗಾಗಿ ತಣ್ಣಗೆ ತಾಗುತ್ತದೆ, ಆ ತಂಪು ಸ್ವಲ್ಪ ಹೊತ್ತು ಉಳಿಯುತ್ತದೆ. ಗಾಜು ಬೇಗ ಬೆಚ್ಚಗಾಗುತ್ತದೆ. ಪಕ್ಕದಲ್ಲಿ ಒಂದು ಗಾಜಿನ ಗೋಲಿ ಇಟ್ಟುಕೊಂಡು ಹೋಲಿಸಿ. ಆಮೇಲೆ ಭೂತಗನ್ನಡಿಯಲ್ಲಿ ನೋಡಿ. ಉರುಟಾದ ಗಾಳಿಗುಳ್ಳೆ ಕಂಡರೆ ಗಾಜು. ಸ್ಫಟಿಕದಲ್ಲಿ ಹೊಗೆಯಂತಹ ಪರದೆ, ಸಣ್ಣ ಬಿರುಕು ಇರಬಹುದು, ಗುಂಡು ಗುಳ್ಳೆ ಇರುವುದಿಲ್ಲ. ಪೂರ್ತಿ ಶುಭ್ರವಾಗಿ, ಎಲ್ಲಾ ಮಣಿಯೂ ಅಚ್ಚಲ್ಲಿ ತೆಗೆದ ಹಾಗೆ ಇದ್ದು, ಬೆಲೆಯೂ ಅಗ್ಗ ಇದ್ದರೆ ನನಗೆ ಅನುಮಾನ ಬರುತ್ತದೆ.

ಇನ್ನೊಂದು ಪರೀಕ್ಷೆ ನನಗೆ ಇಷ್ಟವಾದದ್ದು. ಮಗನ ಲ್ಯಾಪ್‌ಟಾಪ್ ಪರದೆಯಲ್ಲಿ ಬರೀ ಬಿಳಿ ಪುಟ ತೆರೆಯಿರಿ. ಪೋಲರಾಯ್ಡ್ ತಂಪು ಕನ್ನಡಕ ಕಣ್ಣಿನ ಮುಂದೆ ಹಿಡಿದು, ಪರದೆ ಕಪ್ಪಾಗುವವರೆಗೆ ಕನ್ನಡಕವನ್ನು ತಿರುಗಿಸಿ. ಈಗ ಮಣಿಯನ್ನು ಪರದೆಗೂ ಕನ್ನಡಕಕ್ಕೂ ಮಧ್ಯೆ ಹಿಡಿದು ನಿಧಾನಕ್ಕೆ ಉರುಳಿಸಿ. ಗಾಜು ಕಪ್ಪಾಗಿಯೇ ಉಳಿಯುತ್ತದೆ, ಹೆಚ್ಚೆಂದರೆ ಮಸುಕು ಪಟ್ಟೆ ಕಾಣಬಹುದು. ಸ್ಫಟಿಕ ಬೆಳಗುತ್ತದೆ, ಕೆಲವು ದಿಕ್ಕಿನಲ್ಲಿ ಕಾಮನಬಿಲ್ಲಿನ ಬಣ್ಣದ ಉಂಗುರಗಳೂ ಕಾಣುತ್ತವೆ. ಎರಡರ ಮೂಲವಸ್ತು ಹೆಚ್ಚುಕಡಿಮೆ ಒಂದೇ ಸಿಲಿಕಾ, ಆದರೆ ಗಾಜಿನಲ್ಲಿ ಅಣುಗಳು ಅಡ್ಡಾದಿಡ್ಡಿ, ಸ್ಫಟಿಕದಲ್ಲಿ ಸಾಲಾಗಿ ಸುರುಳಿ ಸುತ್ತಿ ನಿಂತಿವೆ. ಆ ಸಾಲು ಬೆಳಕನ್ನು ತಿರುಚುತ್ತದೆ. ಒಂದು ಮಾತು, ಫ್ಯಾಕ್ಟರಿಯಲ್ಲಿ ಬೆಳೆಸಿದ ಸ್ಫಟಿಕ ಇದರಲ್ಲೂ ಪಾಸಾಗುತ್ತದೆ. ಗುಣದಲ್ಲಿ ಅದೂ ಅಸಲಿ ಸ್ಫಟಿಕವೇ, ನೆಲದಿಂದ ಬಂದದ್ದಲ್ಲ ಅಷ್ಟೇ.

ಸೊಸೆಯ ಸ್ಲ್ಯಾಬ್ ವಿಷಯ. ಅಂಗಡಿಯಲ್ಲಿ ಕ್ವಾರ್ಟ್ಜ್ ಅಂತ ಮಾರುವುದು ಒಂದೇ ಬಂಡೆಯಿಂದ ಕೊಯ್ದದ್ದಲ್ಲ. ಬೆಣಚಿನ ಪುಡಿ, ಚೂರು ನೂರಕ್ಕೆ 90ರಷ್ಟು, ಉಳಿದದ್ದು ಅಂಟು ರಾಳ ಮತ್ತು ಬಣ್ಣ, ಒತ್ತಿ ಗಟ್ಟಿ ಮಾಡಿದ್ದು. ಅರಿಶಿನದ ಕಲೆ ಅಷ್ಟು ಬೇಗ ಹಿಡಿಯುವುದಿಲ್ಲ, ನೋಡಲು ಚೆಂದ. ಆದರೆ ಒಲೆಯಿಂದ ಇಳಿಸಿದ ಬಾಣಲೆಯನ್ನು ನೇರ ಅದರ ಮೇಲೆ ಇಟ್ಟರೆ ರಾಳ ಸುಟ್ಟು ಕಲೆಯಾಗುತ್ತದೆ. ಕುಕ್ಕರ್, ಬಾಣಲೆ ಹಾಗೇ ಇಡುವ ಅಭ್ಯಾಸದ ಮನೆಗೆ ನಮ್ಮ ಗ್ರಾನೈಟೇ ವಾಸಿ ಅನ್ನುವವನು ನಾನು.

ಅದಕ್ಕಿಂತ ಮುಖ್ಯವಾದದ್ದು ಕೊಯ್ಯುವಾಗಿನ ಧೂಳು. ಬೆಣಚಿನ ನಯವಾದ ಧೂಳು ಶ್ವಾಸಕೋಶಕ್ಕೆ ಹೋದರೆ ಹೊರಗೆ ಬರುವುದಿಲ್ಲ, ಒಳಗೇ ಗಾಯ ಮಾಡುತ್ತದೆ. ಸಿಲಿಕೋಸಿಸ್ ಅನ್ನುತ್ತಾರೆ, ಬಂದರೆ ವಾಸಿ ಮಾಡುವ ಔಷಧಿ ಇಲ್ಲ. ಗಣಿ ಕೆಲಸಗಾರರಿಗೆ, ಗುಜರಾತಿನ ಖಂಭಾತ್‌ನಲ್ಲಿ ಅಗೇಟ್ ಉಜ್ಜುವವರಿಗೆ ಇದು ಹಳೆಯ ಶಾಪ. ಈ ತಯಾರಿಸಿದ ಸ್ಲ್ಯಾಬ್ ಕೊಯ್ಯುವ ಯುವಕರಲ್ಲಿ ಕಾಯಿಲೆ ಬೇಗ ಬೇಗ ಕಾಣಿಸಿಕೊಂಡದ್ದಕ್ಕೆ ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಇಂಥ ಸ್ಲ್ಯಾಬನ್ನೇ ನಿಷೇಧಿಸಿತು. ಗ್ರಾನೈಟ್‌ನಲ್ಲೂ ಬೆಣಚು ಇದೆ, ಆದರೆ ಪ್ರಮಾಣ ಬಹಳ ಕಡಿಮೆ. ಯಾವುದೇ ಹಾಕಿಸಿ, ಕೊಯ್ಯುವುದನ್ನು ಮನೆಯೊಳಗೆ ಮಾಡಿಸಬೇಡಿ, ನೀರು ಬಿಟ್ಟುಕೊಂಡೇ ಕೊಯ್ಯಿ ಅಂತ ಹೇಳಿ, ಹುಡುಗರು ಮುಖಕ್ಕೆ ಟವೆಲ್ ಸುತ್ತಿಕೊಂಡಿದ್ದರೆ ಅದು ಸಾಲದು, ಒಳ್ಳೆಯ ಮಾಸ್ಕ್ ನೀವೇ ಕೊಡಿಸಿ. ಕಲ್ಲಿಗೆ ಕೊಡುವ ದುಡ್ಡಿನ ಮುಂದೆ ಅದು ಏನೂ ಅಲ್ಲ.

ಕೊನೆಗೆ ಮಾರುವ ವಿಷಯ. ಬೆಣಚು ಬೇಕಾದವರು ಇದ್ದಾರೆ. ಗಾಜಿನವರು, ಸೆರಾಮಿಕ್ ಟೈಲ್ಸ್‌ನವರು, ಫೆರೋಸಿಲಿಕಾನ್ ಕಾರ್ಖಾನೆಯವರು. ಕಂಪ್ಯೂಟರ್ ಚಿಪ್ಪಿನ, ಸೋಲಾರ್ ಫಲಕದ ಸಿಲಿಕಾನ್ ಕೂಡ ಬೆಣಚನ್ನು ಇದ್ದಿಲಿನ ಜೊತೆ ಕುಲುಮೆಯಲ್ಲಿ ಕಾಯಿಸಿ ತೆಗೆಯುವುದರಿಂದಲೇ ಶುರು. ಆದರೆ ಬೆಲೆ ನಿಂತಿರುವುದು ಶುದ್ಧತೆಯ ಮೇಲೆ. ಆ ಸಿಲಿಕಾನ್ ಕರಗಿಸುವ ಮೂಸೆಗೆ ಬೇಕಾದ ಅತಿ ಶುದ್ಧ ಬೆಣಚು ಅಮೆರಿಕದ ಸ್ಪ್ರೂಸ್ ಪೈನ್ ಅನ್ನುವ ಸಣ್ಣ ಊರಿನ ಗಣಿಗಳಿಂದಲೇ ಹೆಚ್ಚಾಗಿ ಬರುತ್ತದೆ. 2024ರ ಸೆಪ್ಟೆಂಬರಿನಲ್ಲಿ ಅಲ್ಲಿಗೆ ಚಂಡಮಾರುತ ಬಡಿದು ಗಣಿ ನಿಂತಾಗ ಚಿಪ್ ಉದ್ಯಮದವರಿಗೆಲ್ಲಾ ನಿದ್ದೆ ಕೆಟ್ಟಿತ್ತು. ಹೊಲದ ಮೇಲೆ ಬಿದ್ದಿರುವ, ಕೆಮ್ಮಣ್ಣಿನ ಕಬ್ಬಿಣ ಮೆತ್ತಿಕೊಂಡ ಗಡ್ಡೆಗೆ ಆ ಬೆಲೆ ಬರುವುದಿಲ್ಲ. ಲೋಡಿನ ಲೆಕ್ಕದಲ್ಲಿ ಹೋಗುತ್ತದೆ, ಆರಿಸುವ ಕೂಲಿಗೂ ಸಾಗಿಸುವ ಬಾಡಿಗೆಗೂ ಸರಿಹೋಗುತ್ತದೆ. ಜೊತೆಗೆ ಜಮೀನು ನಿಮ್ಮದಾದರೂ ಖನಿಜ ತೆಗೆದು ಮಾರಲು ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಅನುಮತಿ ಬೇಕು. ಟ್ರ್ಯಾಕ್ಟರ್ ತಂದು ನಿಲ್ಲಿಸಿ, ಕಾಗದ ಪತ್ರ ಎಲ್ಲಾ ನಾವು ನೋಡಿಕೊಳ್ಳುತ್ತೇವೆ ಅನ್ನುವವರು ಬಂದರೆ ಒಂದು ಲೋಡೂ ಕೊಡಬೇಡಿ, ಕೇಸು ನಿಮ್ಮ ತಲೆಗೂ ಬರಬಹುದು. ಎಲ್ಲಾದರೂ ಪೊಳ್ಳು ಬಿರುಕಿನಲ್ಲಿ ಆರು ಮೂಲೆಯ ಹರಳು ಅಂಟಿಕೊಂಡ ತುಂಡು ಸಿಕ್ಕರೆ ಅದನ್ನು ಮಾತ್ರ ಸುತ್ತಿಗೆಯಲ್ಲಿ ಬಿಡಿಸಲು ಹೋಗದೆ, ತಳದ ಕಲ್ಲಿನ ಸಮೇತ ಎತ್ತಿಡಿ. ಸಂಗ್ರಹ ಮಾಡುವವರು ಬಿಡಿ ಹರಳಿಗಿಂತ ಅಂಥ ತುಂಡಿಗೇ ಜಾಸ್ತಿ ಬೆಲೆ ಕೊಡುತ್ತಾರೆ.